ಡೇರಿ, ಶಿಫ್ಟು, ಟ್ಯೂಷನ್ ನಡುವೆ ವಾರಕ್ಕೊಂದು ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದೇ ಮನೆಯೊಳಗೆ ನಾಲ್ಕೈದು ವೇಳಾಪಟ್ಟಿ ಓಡುತ್ತಿರುತ್ತವೆ. ಡೇರಿಗೆ ಹಾಲು ಹಾಕುವ ಹೊತ್ತು ಒಂದು, ನರಸಾಪುರ ಅಥವಾ ವೇಮಗಲ್ ಕಡೆಯ ಕಂಪನಿ ಬಸ್ಸಿನ ಹೊತ್ತು ಇನ್ನೊಂದು, ಮಕ್ಕಳ ಟ್ಯೂಷನ್ ಬಿಡುವ ಹೊತ್ತು ಮತ್ತೊಂದು. ಬಂಗಾರಪೇಟೆ, ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿದ್ದರೆ ಅದೂ ಸೇರಿತು. ರೇಷ್ಮೆ ಹುಳು ಮೇಯಿಸುವ ಮನೆಯಾದರೆ ಸೊಪ್ಪು ಹಾಕುವ ಹೊತ್ತು ಬೇರೆ. 2007ರಲ್ಲಿ ಜಿಲ್ಲೆ ಎರಡಾಯಿತು, ದಿನಚರಿ ಮಾತ್ರ ಎರಡೂ ಕಡೆ ಇವತ್ತಿಗೂ ಹೆಚ್ಚುಕಡಿಮೆ ಒಂದೇ.

ಇಂಥ ಮನೆಯಲ್ಲಿ "ಇನ್ಮೇಲೆ ಭಾನುವಾರ ರಾತ್ರಿ ಎಲ್ಲರೂ ಒಟ್ಟಿಗೆ ಕೂರೋಣ" ಅಂದರೆ ಎರಡು ವಾರ ನಡೆದು ಮೂರನೇ ವಾರಕ್ಕೆ ಬಿದ್ದುಹೋಗುತ್ತದೆ. ಯಾಕೆಂದು ಕೇಳಿದರೆ ಒಬ್ಬರು ಶಿಫ್ಟು ಅನ್ನುತ್ತಾರೆ, ಇನ್ನೊಬ್ಬರು ಮೊಬೈಲು ಅನ್ನುತ್ತಾರೆ. ಎರಡೂ ಇರುವುದೇ. ಆದರೆ ಹೆಚ್ಚಿನ ಮನೆಗಳಲ್ಲಿ ಇದು ಕೆಡುವುದು ಅಡುಗೆಮನೆಯಲ್ಲಿ. ಎಲ್ಲರೂ ನಡುಮನೆಯಲ್ಲಿ ಕೂತಿರುತ್ತಾರೆ, ಸೊಸೆಯೋ ಅತ್ತೆಯೋ ಒಳಗಿಂದ "ನೀವು ಶುರು ಮಾಡಿ, ಇದೊಂದು ಮುಗಿಸಿ ಬರ್ತೀನಿ" ಅನ್ನುತ್ತಾರೆ. ಅವರು ಬರುವ ಹೊತ್ತಿಗೆ ಚಿಕ್ಕ ಮಗು ನಿದ್ದೆಗೆ ಜಾರಿರುತ್ತದೆ. ವಾರದ ಆರು ದಿನದ ಕೆಲಸದ ಮೇಲೆ ಏಳನೇ ದಿನ ಇದೊಂದು ಹೆಚ್ಚುವರಿ ಕೆಲಸವಾಯಿತು ಅಂತ ಅವರಿಗೆ ಅನ್ನಿಸಿದ ದಿನವೇ ಕಾರ್ಯಕ್ರಮ ಮುಗಿದಂತೆ, ಬಾಯಿಬಿಟ್ಟು ಹೇಳದಿದ್ದರೂ. ಹಾಗಾಗಿ ಇಲ್ಲಿ ದಿನ ಆರಿಸುವುದಕ್ಕಿಂತ ಅಡುಗೆಯ ವಿಚಾರಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇವೆ.

ಗುರಿ ಇಷ್ಟೇ: ವಾರಕ್ಕೊಂದು ಸಲ, 75 ನಿಮಿಷ, ಊಟವೂ ಅದರೊಳಗೇ, ಅಡುಗೆ ಮಾಡುವವರೂ ಕೂತಿರಬೇಕು. ಮೂರು ಗಂಟೆಯ ಕಾರ್ಯಕ್ರಮ ಹಾಕಿಕೊಂಡರೆ ಬೆಳಿಗ್ಗೆ ನಾಲ್ಕೂವರೆಗೆ ಏಳುವವರಿರುವ ಮನೆಯಲ್ಲಿ ಅದು ನಡೆಯುವುದಿಲ್ಲ.

ಹಂತ 1: ಒಂದು ವಾರದ ಹಾಳೆ

ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿಯಲ್ಲಿ ಗೆರೆ ಹಾಕಿ. ಅಡ್ಡಕ್ಕೆ ಏಳು ದಿನ. ಉದ್ದಕ್ಕೆ ಸಂಜೆ 5ರಿಂದ ರಾತ್ರಿ 10ರವರೆಗೆ ಅರ್ಧ ಗಂಟೆಗೊಂದರಂತೆ ಹತ್ತು ಚೌಕ. ಒಬ್ಬೊಬ್ಬರೂ ಯಾವ ಹೊತ್ತಿನಲ್ಲಿ ಮನೆಯಲ್ಲಿರುವುದಿಲ್ಲವೋ, ಮನೆಯಲ್ಲಿದ್ದೂ ಕೈ ಬಿಡುವಿರುವುದಿಲ್ಲವೋ ಆ ಚೌಕಗಳಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆಯಲಿ. ಮುಂದಿನ ವಾರ ಹೀಗಿರಬಹುದು ಅನ್ನುವ ಅಂದಾಜು ಬೇಡ, ಕಳೆದ ವಾರ ಹೇಗಿತ್ತೋ ಹಾಗೆ ಬರೆಯಿರಿ.

ಎಲ್ಲರೂ ಎಡವುವ ಜಾಗಗಳಿವೆ. ಶಿಫ್ಟ್ ಬಿಡುವ ಹೊತ್ತು ಬರೆದರೆ ಪ್ರಯೋಜನವಿಲ್ಲ. ಬಸ್ಸಿಳಿದು, ಮನೆಗೆ ನಡೆದು, ಕೈಕಾಲು ತೊಳೆದು ಕಾಫಿ ಕುಡಿದಾದ ಹೊತ್ತನ್ನು ಬರೆಯಬೇಕು. ಡೇರಿಯ ಲೆಕ್ಕದಲ್ಲೂ ಹಾಗೆಯೇ. ಹಾಲು ಅಳೆದು ಫ್ಯಾಟ್ ನೋಡುವಷ್ಟಕ್ಕೆ ಮುಗಿಯುವುದಿಲ್ಲ, ಬಂದು ಕ್ಯಾನು ತೊಳೆದು ಹಸುಗಳಿಗೆ ಮೇವು ಹಾಕುವುದೂ ಅದರಲ್ಲೇ ಬರುತ್ತದೆ. ನಲ್ಲಿ ನೀರು ಬಿಡುವ ದಿನ, ಟ್ಯಾಂಕರ್ ಬರುವ ದಿನ, ಬೋರ್‌ವೆಲ್ ಇರುವವರಿಗೆ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ ಬರುವ ವಾರ, ಇವನ್ನು ಯಾರೂ ಬರೆಯುವುದಿಲ್ಲ. ಆಮೇಲೆ ಹೆಚ್ಚು ಕಾಡುವುದು ಇವೇ.

ಅಡುಗೆಯ ಹೊತ್ತನ್ನೂ ಒಂದು ಡ್ಯೂಟಿ ಎಂದೇ ಬರೆಯಿರಿ. ಪಾತ್ರೆ ತೊಳೆಯುವುದನ್ನೂ.

ಹಂತ 2: ಶಿಫ್ಟಿಗೆ ಒಂದರಂತೆ ಹೊತ್ತು ಗೊತ್ತುಮಾಡುವುದು

ಉದಾಹರಣೆಗೆ ಕೋಲಾರ ತಾಲೂಕಿನ ಒಂದು ಹಳ್ಳಿಯಲ್ಲಿ ಆರು ಜನರ ಮನೆ ಅಂದುಕೊಳ್ಳಿ. ಅಜ್ಜ, ಅಜ್ಜಿ, ಕಂಪನಿಯಲ್ಲಿ ವಾರಕ್ಕೊಂದು ಶಿಫ್ಟ್ ಬದಲಾಗುವ ಮಗ, ಗಾರ್ಮೆಂಟ್ಸಿಗೆ ಹೋಗುವ ಸೊಸೆ, ಎಸ್‌ಎಸ್‌ಎಲ್‌ಸಿ ಓದುವ ಮೊಮ್ಮಗಳು, ಐದನೇ ಕ್ಲಾಸಿನ ಮೊಮ್ಮಗ. ಎರಡು ಹಸು. ಅಜ್ಜ ಡೇರಿಯಿಂದ ಬಂದು ಮೇವು ಹಾಕಿ ಮುಗಿಸುವುದು 7 ಗಂಟೆಗೆ. ಸೊಸೆ ಮನೆ ಸೇರುವುದು 6.45ಕ್ಕೆ. ಹುಡುಗಿ ಟ್ಯೂಷನ್ ಮುಗಿಸಿ ಬರುವುದು 7.30ಕ್ಕೆ. ಹುಡುಗ 9.30ಕ್ಕೆ ಮಲಗಬೇಕು.

ಮಗನಿಗೆ ಬೆಳಿಗ್ಗೆ 6ರಿಂದ 2ರ ಶಿಫ್ಟ್ ಇರುವ ವಾರ ಅವನು ಮಧ್ಯಾಹ್ನವೇ ಮನೆಯಲ್ಲಿರುತ್ತಾನೆ, ಆದರೆ ರಾತ್ರಿ 9.15ಕ್ಕೆ ಮಲಗದಿದ್ದರೆ ಮಾರನೇ ದಿನ ಏಳಲಾಗುವುದಿಲ್ಲ. ಆ ವಾರ ಆರೂ ಜನ ಸಿಗುವುದು 7.30ರಿಂದ 9.15ರವರೆಗೆ, ಒಂದು ಮುಕ್ಕಾಲು ಗಂಟೆ. ರಾತ್ರಿ 10ರ ಶಿಫ್ಟಿನ ವಾರ ಅವನು 8.45ಕ್ಕೆ ಹೊರಡಬೇಕು, ಸಿಗುವುದು 7.30ರಿಂದ 8.40, ಎಪ್ಪತ್ತು ನಿಮಿಷ; ಗುರಿಗಿಂತ ಐದು ನಿಮಿಷ ಕಡಿಮೆ, ಪರವಾಗಿಲ್ಲ. ಮಧ್ಯಾಹ್ನ 2ರಿಂದ 10ರ ಶಿಫ್ಟಿನ ವಾರ ಅವನು ಮನೆ ಸೇರುವಷ್ಟರಲ್ಲಿ ರಾತ್ರಿ 11. ಆ ವಾರದ ಕೆಲಸದ ದಿನಗಳಲ್ಲಿ ರಾತ್ರಿ ಕೂರುವ ಮಾತೇ ಇಲ್ಲ. ಅವನ ವಾರದ ರಜೆ ಭಾನುವಾರವೇ ಬಂದರೆ ಅಂದು ರಾತ್ರಿ, ಬೇರೆ ದಿನ ಬಂದರೆ ಭಾನುವಾರ ಬೆಳಿಗ್ಗೆ 9ಕ್ಕೆ ತಿಂಡಿಗೆ ಕೂರುವುದು. ಮಗ ಕೆಲಸಕ್ಕೆ ಹೊರಡುವುದು ಮಧ್ಯಾಹ್ನ 1ಕ್ಕೆ, ಆದ್ದರಿಂದ ಬೆಳಗಿನ ಹೊತ್ತು ಧಾರಾಳವಾಗಿದೆ. "ಫ್ಯಾಮಿಲಿ ನೈಟ್" ಅನ್ನುವ ಹೆಸರಿಗೆ ಕಟ್ಟುಬಿದ್ದು ಬೆಳಗ್ಗೆಯನ್ನು ಬಿಟ್ಟುಕೊಡಬೇಡಿ.

ಹೀಗೆ ಒಂದು ದಿನದ ಬದಲು ಮೂರು ಹೊತ್ತು ಬರೆದಿಟ್ಟುಕೊಂಡರೆ ಶಿಫ್ಟ್ ಪಟ್ಟಿ ಬಂದ ಕೂಡಲೇ ಆ ವಾರ ಯಾವುದು ಅಂತ ಗೋಡೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದಷ್ಟೇ ಬಾಕಿ. ಪ್ರತಿ ವಾರ "ಯಾವತ್ತು ಕೂರೋಣ?" ಅಂತ ಕೇಳುವ ಪರಿಪಾಠ ಇಟ್ಟುಕೊಳ್ಳಬಾರದು. ಕೇಳಿದಾಗೆಲ್ಲ ಒಬ್ಬರಾದರೂ ಬೇಡ ಅನ್ನುತ್ತಾರೆ.

ದಿನದ ಆಯ್ಕೆಯ ಬಗ್ಗೆ ಇನ್ನು ನಾಲ್ಕು ಮಾತು. ಶನಿವಾರ ಒಪ್ಪೊತ್ತು ಇರುವ ಮನೆಗಳಲ್ಲಿ ರಾತ್ರಿ ಹೇಗೂ ಫಲಾಹಾರ, ಅಡುಗೆ ಹಗುರ. ಅದು ಒಳ್ಳೇ ದಿನ. ಭಾನುವಾರ ಬಾಡೂಟ ಮಾಡುವವರು ಆ ರಾತ್ರಿಯನ್ನು ಆರಿಸದಿರುವುದೇ ಮೇಲು. ಮಾಂಸ ತರುವುದರಿಂದ ಹಿಡಿದು ಮಸಾಲೆ ರುಬ್ಬಿ ಸಾರು ಇಳಿಸುವವರೆಗೆ ಒಬ್ಬರ ಅರ್ಧ ದಿನ ಅಲ್ಲೇ ಹೋಗಿರುತ್ತದೆ, ರಾತ್ರಿ ಅವರಿಗೆ ಕೂರುವ ಚೈತನ್ಯ ಇರುವುದಿಲ್ಲ. ಬೇಕಾದರೆ ಮಧ್ಯಾಹ್ನದ ಊಟವನ್ನೇ ಆ ವಾರದ ಕೂಟ ಮಾಡಿಕೊಳ್ಳಿ. ಇನ್ನು, ಸಂಬಳ ಬಟವಾಡೆಯ ದಿನ ಕುಡಿದು ಬರುವವರು ಮನೆಯಲ್ಲಿದ್ದರೆ ಆ ದಿನವನ್ನು ತಪ್ಪಿಸಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕ್ಯಾಲೆಂಡರಿನಲ್ಲಿ ಸುತ್ತು ಹಾಕುವವರು ನೆನಪಿಟ್ಟುಕೊಂಡರೆ ಸಾಕು.

ಹುಳು, ಟೊಮೆಟೊ ಇರುವ ಮನೆಗೆ

ರೇಷ್ಮೆ ಮನೆಯವರು ವಾರದ ಲೆಕ್ಕ ಬಿಟ್ಟು ಬೆಳೆಯ ಲೆಕ್ಕ ಹಿಡಿಯಬೇಕು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ತಿನ್ನುವುದಿಲ್ಲ. ಸುಮಾರು ಒಂದು ದಿನ ಸೊಪ್ಪು ಕೊಯ್ಯುವ, ಹಾಕುವ ಕೆಲಸ ನಿಲ್ಲುತ್ತದೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುವವರಿಗೆ ಮೂರನೇ ಜ್ವರ, ನಾಲ್ಕನೇ ಜ್ವರ ಎರಡೂ ಮನೆಯಲ್ಲೇ ಬರುತ್ತವೆ. ಆ ಎರಡು ರಾತ್ರಿಗಳೇ ನಿಮ್ಮ ಕೂಟದ ರಾತ್ರಿ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ಹುಳು ಆಗಲೇ ತಿನ್ನುತ್ತದೆ. ಆ ವಾರ ಪ್ರಯತ್ನವನ್ನೇ ಮಾಡಬೇಡಿ. ಹಣ್ಣಾದ ಹುಳು ಆಯ್ದು, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ದಿನ ಮನೆಮಂದಿಯೆಲ್ಲ ಒಂದೇ ಕಡೆ ಇರುತ್ತಾರೆ ನಿಜ, ಅದು ಬಿಡುವಲ್ಲ. ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಬಿಡಿಸುವವರೆಗಿನ ನಾಲ್ಕೈದು ದಿನದಲ್ಲಿ ಮೂರನೇ ಕೂಟ ಇಟ್ಟುಕೊಳ್ಳಬಹುದು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಬೇಡ, ಬೆಳಗಿನ ಜಾವಕ್ಕೇ ಏಳಬೇಕು. ಒಂದು ಬೆಳೆಗೆ ಮೂರು ಕೂಟ ಸಿಕ್ಕರೆ ತಿಂಗಳ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು.

ಟೊಮೆಟೊ ಕೊಯ್ಲು ಶುರುವಾದ ಮನೆಯಲ್ಲಿ ಕೊಯ್ಲಿನ ದಿನ ಹಣ್ಣು ಆರಿಸಿ, 15 ಕೆಜಿ ಬಾಕ್ಸಿಗೆ ತುಂಬಿ, ಕೋಲಾರದ ಎಪಿಎಂಸಿಗೆ ಗಾಡಿ ಹತ್ತಿಸುವವರೆಗೆ ರಾತ್ರಿಯಾಗುತ್ತದೆ. ಕೊಯ್ಲಿನ ಮಾರನೇ ದಿನ ಇಟ್ಟುಕೊಳ್ಳಿ. ರೇಟು ಬಿದ್ದ ದಿನ ಅಪ್ಪನ ಮುಖ ನೋಡಿ ಕೂಟ ರದ್ದು ಮಾಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ರದ್ದು ಬೇಡ, ಊಟ ಒಟ್ಟಿಗೆ ಆಗಲಿ, ಆಟ ಬಿಡಿ.

ಹಂತ 3: ಅಡುಗೆಮನೆಯನ್ನು ಬಿಡುವು ಮಾಡುವುದು

ನಿಯಮ ಒಂದೇ: ಆ ರಾತ್ರಿ ಒಂದೇ ಸಲ ಒಲೆಯಿಂದ ಇಳಿಯುವ ಅಡುಗೆ.

ದೋಸೆಯ ಲೆಕ್ಕ ನೋಡಿ. ಮುಳಬಾಗಿಲಿನ ಪಕ್ಕದಲ್ಲೇ ಇರುವವರಿಗೆ ದೋಸೆ ಬೇಡ ಅನ್ನುವುದು ಕಷ್ಟ. ಆದರೆ ಆರು ಜನಕ್ಕೆ ತಲೆಗೆ ಮೂರರಂತೆ 18 ದೋಸೆ, ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೂ 45 ನಿಮಿಷ ಒಬ್ಬರು ಕಾವಲಿಯ ಮುಂದೆ ನಿಲ್ಲಬೇಕು. ಉಳಿದವರೆಲ್ಲ ಬಿಸಿಬಿಸಿ ತಿಂದು ಏಳುತ್ತಾರೆ, ಹುಯ್ದವರು ಕೊನೆಗೆ ಒಬ್ಬರೇ ಕೂತು ತಿನ್ನುತ್ತಾರೆ. ಚಪಾತಿ, ಪೂರಿ, ಬಜ್ಜಿ ಎಲ್ಲಕ್ಕೂ ಇದೇ ಕಥೆ. ಅದೇ ಹಿಟ್ಟಿನಲ್ಲಿ ಇಡ್ಲಿ ಮಾಡಿದರೆ ಆರು ತಟ್ಟೆಯ ಕುಕ್ಕರಿನಲ್ಲಿ 24 ಇಡ್ಲಿ ಒಂದೇ ಸಲ, ಆವಿ ಬಂದ ಮೇಲೆ 12 ನಿಮಿಷಕ್ಕೆ ಬೇಯುತ್ತವೆ. ಅಷ್ಟು ಹೊತ್ತು ಅಡುಗೆಮನೆಯಲ್ಲಿ ಯಾರೂ ನಿಲ್ಲಬೇಕಿಲ್ಲ. ದೋಸೆಯೇ ಬೇಕೆಂದು ಮಕ್ಕಳು ಹಟ ಹಿಡಿದರೆ ಪಾರ್ಸಲ್ ತನ್ನಿ.

ಮುದ್ದೆ ಇಲ್ಲದೆ ಊಟವೇ ಅಲ್ಲ ಅನ್ನುವ ಹಿರಿಯರಿರುತ್ತಾರೆ. ಮುದ್ದೆಯ ತೊಂದರೆ ಏನೆಂದರೆ ಬಿಸಿಯಾಗಿ ತೊಳಸಿ ಬಿಸಿಯಾಗಿಯೇ ಬಡಿಸಬೇಕು, ತೊಳಸುವವರು ಕೊನೆಗೆ ಉಳಿಯುತ್ತಾರೆ. ಇದಕ್ಕೆ ಉಪಾಯವಿದೆ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರಿಟ್ಟು ಎಂದಿನಂತೆ ತೊಳಸಿ, ಆರೂ ಮುದ್ದೆ ಕಟ್ಟಿ, ಒಳಗೆ ತುಪ್ಪ ಸವರಿದ ಹಾಟ್‌ಬಾಕ್ಸಿನಲ್ಲಿಟ್ಟು, ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ತೆಳು ಬಟ್ಟೆ ಹೊದಿಸಿ ಮುಚ್ಚಿ. ಅರ್ಧ ಗಂಟೆ ಮೆತ್ತಗೇ ಇರುತ್ತದೆ. ಬಟ್ಟೆ ಹೊದಿಸದಿದ್ದರೆ ಮೇಲೆ ಪೊರೆ ಕಟ್ಟಿ ಒಣಗುತ್ತದೆ, ಬಟ್ಟೆಯಲ್ಲಿ ನೀರು ಹೆಚ್ಚಾದರೆ ಅಂಟಂಟಾಗುತ್ತದೆ. ಸಾರನ್ನು ಬೆಳಿಗ್ಗೆಯೇ ಮಾಡಿಟ್ಟಿರಿ. ಬಸ್ಸಾರು, ಹುರುಳಿ ಸಾರು ಸಂಜೆಗೆ ಇನ್ನೂ ರುಚಿಯಾಗಿರುತ್ತವೆ, ಒಂದು ಕುದಿ ಬರಿಸಿದರೆ ಸಾಕು.

ಅವರೆಕಾಯಿ ಕಾಲ ಬಂದರಂತೂ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಅಡುಗೆಯ ಕೆಲಸವೇ ಕೂಟ. ಹಿತ್ಕಬೇಳೆ, ಅಂದರೆ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆದ ಬೇಳೆ, ಒಬ್ಬರೇ ಮಾಡಲು ಹೊರಟರೆ ಬೆರಳು ನೋಯುವ ಕೆಲಸ. ಆರು ಜನ ಕೂತರೆ ಹರಟೆಯಲ್ಲೇ ಮುಗಿಯುತ್ತದೆ. ಆರು ಜನದ ಸಾರಿಗೆ 2 ಕೆಜಿ ಸೊಗಡವರೆ ಸಾಕು. ಕಾಯಿ ಬಲಿತಿರುವುದರ ಮೇಲೆ ಮುಕ್ಕಾಲು ಕೆಜಿಯಷ್ಟು ಕಾಳು ಬರುತ್ತದೆ. ಕಾಯಿ ಬಿಡಿಸುವುದನ್ನು ಹಿಂದಿನ ದಿನ ಟಿವಿ ಮುಂದೆ ಕೂತು ಮುಗಿಸಿ. ಕೂಟದ ದಿನ ಮಧ್ಯಾಹ್ನ ಕಾಳು ನೆನೆಹಾಕಿದರೆ ಸಂಜೆ ಏಳೂವರೆಗೆ ಸಿಪ್ಪೆ ಸಡಿಲವಾಗಿರುತ್ತದೆ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಾದರೆ ಸಂಜೆ ಬಂದು ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಸಿದರೂ ನಡೆಯುತ್ತದೆ. ಹಿಂದಿನ ರಾತ್ರಿಯಿಂದಲೇ ನೆನೆಸಿ ನೀರು ಬದಲಿಸದೆ ಬಿಟ್ಟರೆ ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ.

ಹಿತುಕುವಾಗ ಅಗಲವಾದ ತಟ್ಟೆಯನ್ನು ನಡುವೆ ಇಟ್ಟು, ಕೆಳಗೆ ಹಳೇ ಪಂಚೆ ಹಾಸಿ. ಕಾಳಿನ ಕಣ್ಣಿರುವ ಕಡೆಯನ್ನು ತಟ್ಟೆಗೆ ತಿರುಗಿಸಿ, ಹಿಂದಿನಿಂದ ಹೆಬ್ಬೆರಳು ತೋರುಬೆರಳಲ್ಲಿ ಒತ್ತಬೇಕು. ಬೇಳೆ ಚಿಮ್ಮುತ್ತದೆ. ಐದನೇ ಕ್ಲಾಸಿನ ಹುಡುಗ ಮೊದಲ ಐದು ನಿಮಿಷ ಅಕ್ಕನ ಮುಖಕ್ಕೇ ಚಿಮ್ಮಿಸುತ್ತಾನೆ, ಪಂಚೆ ಹಾಸುವುದು ಅದಕ್ಕೇ. ಇಡಿಯಾಗಿ ಬರುತ್ತಿಲ್ಲ, ಬೇಳೆ ಮುರಿಯುತ್ತಿದೆ ಎಂದರೆ ಕಾಳು ಇನ್ನೂ ನೆನೆಯಬೇಕು. ಆರು ಜೊತೆ ಕೈಗೆ ಅರ್ಧ ಗಂಟೆಯ ಕೆಲಸ. ತೆಂಗಿನಕಾಯಿ, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆಯ ಮಸಾಲೆಯನ್ನು ಬೆಳಿಗ್ಗೆಯೇ ರುಬ್ಬಿ ಫ್ರಿಜ್ಜಿನಲ್ಲಿಟ್ಟಿದ್ದರೆ ಆಮೇಲೆ ಒಲೆಯ ಕೆಲಸ ಇಪ್ಪತ್ತು ನಿಮಿಷ. ಹಿತ್ಕಬೇಳೆಯನ್ನು ಕುಕ್ಕರಿಗೆ ಹಾಕಬೇಡಿ, ಕರಗಿಹೋಗುತ್ತದೆ; ತೆರೆದ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಬೇಯುತ್ತದೆ.

ಕೆಲಸ ಹಂಚುವ ಬಗ್ಗೆ ಒಂದು ಮಾತು. "ಎಲ್ಲರೂ ಸಹಾಯ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಹೆಸರಿಟ್ಟು ಹೇಳಬೇಕು. ಮೇಲೆ ಹೇಳಿದ ಆರು ಜನರ ಮನೆಯಲ್ಲಿ ಮೊದಲ ಶಿಫ್ಟಿನ ವಾರ ಮಗ ಮಧ್ಯಾಹ್ನ 3.15ಕ್ಕೇ ಬಂದಿರುತ್ತಾನೆ. ಒಂದು ನಿದ್ದೆ ತೆಗೆದು 5.30ಕ್ಕೆ ಎದ್ದರೆ ತರಕಾರಿ ಹೆಚ್ಚಿ ಅನ್ನಕ್ಕಿಡುವುದು ಅವನ ಪಾಲಿಗೆ ಬರಬೇಕು. ತಟ್ಟೆ, ಲೋಟ, ನೀರು ಹುಡುಗನದು. ಪಾತ್ರೆ ಅಜ್ಜನದೋ ಮಗನದೋ ಎಂದು ಮೊದಲೇ ತೀರ್ಮಾನವಾಗಿರಲಿ, ಊಟ ಮುಗಿದ ಮೇಲೆ ಆ ಚರ್ಚೆ ತೆಗೆದರೆ ಜಗಳಕ್ಕೆ ನಿಲ್ಲುತ್ತದೆ. ಗಂಡಸರು ಪಾತ್ರೆ ತೊಳೆದರೆ ಅತ್ತೆಗೆ ಇರಿಸುಮುರಿಸಾಗುವ ಮನೆಗಳೂ ಇವೆ. ಅಲ್ಲಿ ಮುತ್ತುಗದ ಎಲೆಯಲ್ಲೋ ಬಾಳೆ ಎಲೆಯಲ್ಲೋ ಉಂಡು, ಅಡುಗೆ ಪಾತ್ರೆಗಳಿಗೆ ನೀರು ತುಂಬಿ ಬೆಳಿಗ್ಗೆಗೆ ಬಿಡುವುದು ಸುಲಭದ ದಾರಿ. ಮುಸುರೆ ರಾತ್ರಿ ಉಳಿಯಬಾರದು ಅನ್ನುವವರ ಜೊತೆ ಮಾತ್ರ ವಾದ ಬೇಡ, ಯಾರು ಹಾಗನ್ನುತ್ತಾರೋ ಅವರ ಜೊತೆ ಇನ್ನೊಬ್ಬರು ನಿಂತು ತೊಳೆದುಬಿಡಿ.

ಹಂತ 4: ಮೊಬೈಲು, ಟಿವಿ

ಎಲ್ಲ ಮೊಬೈಲುಗಳನ್ನೂ ಒಂದು ಮೊರದಲ್ಲಿಟ್ಟು ದೇವರ ಮನೆಯ ಪಕ್ಕದಲ್ಲಿಡಿ. ಆದರೆ ಒಂದು ಮೊಬೈಲು ರಿಂಗ್ ಆಗುವಂತಿರಲಿ: ಕರು ಹಾಕುವ ಹಸುವಿದ್ದರೆ ಪಶುವೈದ್ಯರ ಫೋನ್ ಬರಬಹುದು, ಮಂಡಿಯಿಂದ ಫೋನ್ ಬರಬಹುದು, ಊರಿನಲ್ಲಿ ಹುಷಾರಿಲ್ಲದ ಹಿರಿಯರಿರಬಹುದು. ಪೂರ್ತಿ ನಿಷೇಧ ಮಾಡಿದರೆ ಇಂಥ ಒಂದೇ ಒಂದು ಫೋನ್ ತಪ್ಪಿದರೆ ಸಾಕು, ಮುಂದಿನ ವಾರದಿಂದ ಎಲ್ಲರ ಕೈಗೂ ಮೊಬೈಲು ವಾಪಸ್. ದೊಡ್ಡವರು ಮೊದಲು ಇಡಬೇಕು. ಮಕ್ಕಳ ಫೋನ್ ಕಿತ್ತಿಟ್ಟು ಅಪ್ಪ ವಾಟ್ಸಾಪ್ ನೋಡುತ್ತ ಕೂತರೆ ಹದಿನಾರರ ಹುಡುಗಿ ಅದನ್ನು ಆರು ತಿಂಗಳು ಎತ್ತಿ ಆಡುತ್ತಾಳೆ, ಅದರಲ್ಲಿ ತಪ್ಪೂ ಇಲ್ಲ.

ಅಜ್ಜಿಯ ಧಾರಾವಾಹಿಗೆ ಅಡ್ಡ ಬರಬೇಡಿ. ಹಗಲೆಲ್ಲ ಒಬ್ಬರೇ ಇರುವವರಿಗೆ ಅದೊಂದೇ ಮನರಂಜನೆ. ಹೆಚ್ಚಿನವು ಮಾರನೇ ದಿನ ಹಗಲು ಮತ್ತೆ ಬರುತ್ತವೆ. ಎಷ್ಟು ಗಂಟೆಗೆ ಎಂದು ಮೊದಲೇ ನೋಡಿ ಹೇಳಿ, ಆ ಹೊತ್ತಿಗೆ ಟಿವಿ ಹಾಕಿಕೊಡುವ ಜವಾಬ್ದಾರಿ ಒಬ್ಬರಿಗೆ ಕೊಟ್ಟರೆ ಅವರು ಒಪ್ಪುತ್ತಾರೆ. ಎಲ್ಲರೂ ಕೂತು ಸಿನಿಮಾ ನೋಡುವುದನ್ನು ಕೂಟ ಎಂದು ಲೆಕ್ಕ ಹಾಕುವುದು ನಮಗೆ ಅಷ್ಟು ಸರಿ ಕಾಣುವುದಿಲ್ಲ. ಎರಡೂವರೆ ಗಂಟೆ ಬೇಕು, ಅರ್ಧದಲ್ಲಿ ಇಬ್ಬರು ಮಲಗುತ್ತಾರೆ, ಮಾತಂತೂ ಆಗುವುದಿಲ್ಲ. ತಿಂಗಳಿಗೊಮ್ಮೆ ಇರಲಿ.

ಹಂತ 5: 75 ನಿಮಿಷದಲ್ಲಿ ಏನು ಮಾಡುವುದು

ಊಟಕ್ಕೆ 30 ನಿಮಿಷ, ಎತ್ತಿಡಲು 10, ಆಟ ಅಥವಾ ಹರಟೆಗೆ 35. ಆಟ ಮೊದಲಿಟ್ಟು ಊಟ ಕೊನೆಗಿಟ್ಟರೆ ಆಟ ಎಳೆದು ಊಟ ತಡವಾಗುತ್ತದೆ. ಊಟ ಮೊದಲು.

ಆರು ವರ್ಷದಿಂದ ಎಪ್ಪತ್ತರವರೆಗೆ ಒಟ್ಟಿಗೆ ಆಡಬಹುದಾದ ಆಟ ಚೌಕಾಬಾರ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಐದೈದು ಮನೆಯ ಚೌಕ ಬರೆದು, ನಾಲ್ಕೂ ಬದಿಯ ನಡುವಿನ ಮನೆಗೆ, ಒಟ್ಟು ಚೌಕದ ನಡುಮನೆಗೆ ಅಡ್ಡಗೆರೆಯ ಗುರುತು ಹಾಕಿ. ನಾಲ್ಕು ಕವಡೆ ಬೇಕು. ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ; ಬಿಳಿ ಮಗ್ಗುಲು ಎಷ್ಟು ಮೇಲಾಗುತ್ತದೋ ಅಷ್ಟು ಗರ, ನಾಲ್ಕೂ ಬಿಳಿಯಾದರೆ ನಾಲ್ಕು, ಒಂದೂ ಬಿಳಿಯಿಲ್ಲದಿದ್ದರೆ ಎಂಟು. ನಾಲ್ಕು, ಎಂಟು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಕಾಯಿ ಹೊರಗಿನ ಸುತ್ತು ಮುಗಿಸಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದಿದ್ದರೆ ಒಳಸುತ್ತಿಗೆ ತಿರುಗಿ ನಡುಮನೆ ಸೇರಬೇಕು. ಗುರುತಿನ ಮನೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಮನೆಗೊಂದು ನಿಯಮ ಇರುವುದು ಸಹಜ. ಅಜ್ಜಿ ಹೇಗೆ ಆಡುತ್ತಾರೋ ಅದೇ ಸರಿ ಎಂದು ಮೊದಲೇ ಒಪ್ಪಿಕೊಂಡುಬಿಡಿ.

ಪೂರ್ತಿ ಆಟ ಒಂದು ಗಂಟೆ ದಾಟಬಹುದು, ಅಲ್ಲೇ ಸಮಯ ಕೆಡುವುದು. ತಲಾ ನಾಲ್ಕು ಕಾಯಿಯ ಬದಲು ಎರಡೇ ಕಾಯಿ ಇಟ್ಟುಕೊಂಡರೆ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬದಿ ನಾಲ್ಕೇ ಇರುವುದರಿಂದ ಆರು ಜನ ಇದ್ದರೆ ಅಜ್ಜನ ಜೊತೆ ಮೊಮ್ಮಗ, ಅಜ್ಜಿಯ ಜೊತೆ ಮೊಮ್ಮಗಳು ಹೀಗೆ ಜೊತೆಯಾಗಿ ಆಡಲಿ. ಗಂಡ ಹೆಂಡತಿಯನ್ನು ಬೇರೆ ಬೇರೆ ಬದಿಗೆ ಕೂರಿಸಿದರೆ ಆಟಕ್ಕೆ ರಂಗು ಬರುತ್ತದೆ. ಇಬ್ಬರು ಮೂವರೇ ಇರುವ ವಾರ ಅಳಗುಳಿಮಣೆ ಸಾಕು: ಹದಿನಾಲ್ಕು ಗುಳಿ, ಗುಳಿಗೆ ಐದರಂತೆ 70 ಹುಣಸೆ ಬೀಜ.

ಆಟ ಬೇಡವಾದ ದಿನ ಒಗಟು. ಈ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ತೆಲುಗು ಸಲೀಸು, ಮೊಮ್ಮಕ್ಕಳಿಗೆ ಕನ್ನಡ. ಅಜ್ಜಿ ತೆಲುಗಿನಲ್ಲಿ ಒಗಟು ಹಾಕಿ ಮಕ್ಕಳು ಕನ್ನಡದಲ್ಲಿ ಬಿಡಿಸುವುದಕ್ಕೆ ಯಾವ ಸಾಮಾನೂ ಬೇಕಿಲ್ಲ, ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಹರಟೆಗೆ ಒಂದು ಬೇಲಿ ಬೇಕು. ಮಾರ್ಕ್ಸು, ಸಾಲ, ಮದುವೆ, ಜಮೀನಿನ ಪಾಲು: ಈ ನಾಲ್ಕು ಆ 75 ನಿಮಿಷದಲ್ಲಿ ಬರಬಾರದು. ಇವೆಲ್ಲ ಮಾತಾಡಲೇಬೇಕಾದ ವಿಷಯಗಳೇ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಎಲ್ಲರೂ ಸಿಕ್ಕಿದ್ದಾರಲ್ಲ ಅಂತ ಅಪ್ಪ ಅಂದೇ ಯೂನಿಟ್ ಟೆಸ್ಟಿನ ಲೆಕ್ಕ ತೆಗೆದರೆ ಮುಂದಿನ ವಾರದಿಂದ ಮಗಳಿಗೆ ಅದೇ ಹೊತ್ತಿಗೆ ಸರಿಯಾಗಿ ತಲೆನೋವು ಬರಲು ಶುರುವಾಗುತ್ತದೆ.

ಎಲ್ಲಿ ತಪ್ಪುತ್ತದೆ, ಆಗ ಏನು ಮಾಡುವುದು

ಒಂದು ವಾರ ತಪ್ಪಿತು ಎಂದು ಮುಂದಿನ ವಾರ ಡಬಲ್ ಮಾಡಲು ಹೋಗಬೇಡಿ. ತಪ್ಪಿದ ವಾರಕ್ಕೆ ಇಪ್ಪತ್ತು ನಿಮಿಷದ ಚಿಕ್ಕ ಕೂಟ ಇಟ್ಟುಕೊಳ್ಳಿ. ಒಂದು ಕೆಜಿ ಹಸಿ ಕಡಲೆಕಾಯಿ ತೊಳೆದು, ಮುಳುಗುವಷ್ಟು ನೀರು, ಎರಡು ದೊಡ್ಡ ಚಮಚ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಶಲ್ ಕೂಗಿಸಿ, ಆವಿ ತಾನಾಗಿ ಇಳಿಯಲು ಬಿಡಿ. ಬೇಗ ತೆಗೆದರೆ ಉಪ್ಪು ಒಳಗೆ ಹಿಡಿದಿರುವುದಿಲ್ಲ. ಜಗಲಿಯಲ್ಲಿ ಕೂತು ಅದನ್ನು ಸುಲಿದು ತಿಂದು ಮುಗಿಸುವಷ್ಟು ಹೊತ್ತು ಸಾಕು. ಕಾಯಿ ಸಿಗದ ಕಾಲದಲ್ಲಿ ಪುರಿ ಕಾರ.

ನೆಂಟರು ಬಂದರೆ ಕೂಟ ನಿಲ್ಲಿಸಬೇಡಿ, ಅವರನ್ನೂ ಕೂರಿಸಿ. ಅವರಿಗೆಂದು ಅಡುಗೆ ಹೆಚ್ಚಿಸಿದಿರೋ, ಮತ್ತೆ ಒಬ್ಬರು ಒಲೆಯ ಮುಂದೆ ಉಳಿದರು.

ಪರೀಕ್ಷೆಯ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳನ್ನು ಆಟಕ್ಕೆ ಎಳೆಯಬೇಡಿ. ಊಟದ ಅರ್ಧ ಗಂಟೆ ಕೂತು ಎದ್ದುಹೋಗಲಿ. ಉಳಿದವರು ಪಕ್ಕದ ಕೋಣೆಯಲ್ಲಿ ಗಲಾಟೆ ಮಾಡಿ ಆಡಿದರೆ ಅವರಿಗೆ ಓದೂ ಆಗುವುದಿಲ್ಲ, ಆ ತಿಂಗಳು ಎಲ್ಲರೂ ಊಟಕ್ಕೇ ನಿಲ್ಲಿಸುವುದು ಒಳ್ಳೆಯದು. ಹದಿನೈದು ದಾಟಿದ ಮಕ್ಕಳು ಬೇಸರ ಪಡುತ್ತಿದ್ದರೆ ಮೆನು ಮತ್ತು ಆಟದ ತೀರ್ಮಾನ ಅವರ ಕೈಗೆ ಕೊಟ್ಟು ನೋಡಿ. ನೂಡಲ್ಸ್ ಅಂದರೆ ನೂಡಲ್ಸೇ. ಅಜ್ಜನಿಗೆ ಅನ್ನ ಮೊಸರು ಪಕ್ಕದಲ್ಲಿರಲಿ.

ರಾತ್ರಿ ಶಿಫ್ಟಿನವರು ಕೂಟದ ಹೊತ್ತಿನಲ್ಲಿ ತೂಕಡಿಸಿದರೆ ಅದಕ್ಕೆ ಕಾರಣ ಹಗಲು ನಿದ್ದೆ ಸಾಲದಿರುವುದು. ಹಗಲು ಮನೆಯಲ್ಲಿ ಮಿಕ್ಸಿ, ಟಿವಿ, ಗೇಟಿನ ಸದ್ದು ಹೇಗಿದೆ ನೋಡಿ. ನಿದ್ದೆಯನ್ನು ಕದ್ದು ಕೂಟ ಮಾಡುವುದು ಬೇಡ. ಅವರು ಊಟಕ್ಕೆ ಮಾತ್ರ ಬಂದು ಹೋಗಲಿ.

ನಾಲ್ಕು ವಾರ ಆದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಸೊಸೆಯನ್ನೋ ಅತ್ತೆಯನ್ನೋ, ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರನ್ನು ಕೇಳಿ: ಆ ನಾಲ್ಕು ರಾತ್ರಿಗಳಲ್ಲಿ ಎಷ್ಟು ಸಲ ಎಲ್ಲರ ಜೊತೆಗೇ ಕೈತೊಳೆದು ಊಟಕ್ಕೆ ಕೂತಿರಿ? ಅತ್ತೆಯ ಎದುರು ಕೇಳಿದರೆ ಸೊಸೆ "ಪರವಾಗಿಲ್ಲ ಬಿಡಿ" ಅನ್ನುತ್ತಾಳೆ, ಹಾಗಾಗಿ ಅವಳೊಬ್ಬಳೇ ಇದ್ದಾಗ ಗಂಡ ಕೇಳಲಿ. ಮೂರಕ್ಕಿಂತ ಕಡಿಮೆ ಎಂದರೆ ದಿನವನ್ನು ಮುಟ್ಟಬೇಡಿ, ಅಡುಗೆ ಬದಲಿಸಿ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ, ಟ್ಯೂಷನ್ ಹೊತ್ತು ಬದಲಾದಾಗ, ಹಸು ಬತ್ತಿಸಿದಾಗ, ಹೊಸ ಬಸ್ ರೂಟ್ ಬಂದಾಗ ಮೊದಲ ಹಂತದ ಹಾಳೆಯನ್ನು ಹೊಸದಾಗಿ ಬರೆಯಬೇಕು. ಹಳೇದನ್ನೇ ತಿದ್ದಿ ಉಳಿಸಿಕೊಂಡರೆ ಯಾರ ಹೊತ್ತು ಎಲ್ಲಿ ಕೂಡುತ್ತದೆ ಎಂದು ಓದಲಾಗುವುದಿಲ್ಲ.